ಸುಣ್ಣ ಆಮ್ಲವನ್ನು ತಣಿಸುತ್ತದೆ, ಲೋಹವನ್ನಲ್ಲ

ಮಾರ್ಚ್ ಕಳೆಯಿತೆಂದರೆ ಕೃಷ್ಣಾ ನದಿಯ ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಹರಿವು ಇರುವುದಿಲ್ಲ. ಮೇಲಿನಿಂದ ಬರುವ ನೀರು ಬತ್ತಿರುತ್ತದೆ, ಗೇಟುಗಳು ಮುಚ್ಚಿರುತ್ತವೆ. ಕೊಯ್ನಾದಿಂದಲೋ ವಾರಣಾದಿಂದಲೋ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಹೋಗುತ್ತದೆ. ರಬಕವಿ-ಬನಹಟ್ಟಿ, ಜಮಖಂಡಿ, ಅಥಣಿ ಕಡೆಯ ಊರುಗಳಲ್ಲಿ ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನೀರು ಎಷ್ಟು ಉಳಿದಿದೆ? ಉಳಿದ ನೀರಿನಲ್ಲಿ ಏನೇನು ಸೇರಿದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ನಮಗಿಂತ ಮೊದಲು ಉತ್ತರ ಅನುಭವಿಸುವುದು ಮೀನು.

2023ರ ಮಾರ್ಚ್‌ನಲ್ಲಿ ಸಾಂಗ್ಲಿ ಹತ್ತಿರದ ಅಂಕಲಿ ಬಳಿ ಕೃಷ್ಣೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಪಂಚಗಂಗೆಯಲ್ಲಿ, ಶಿರೋಳ ತಾಲ್ಲೂಕಿನ ತೇರವಾಡ ಬಂಧಾರದ ಬಳಿ, ಇಂಥ ಸಾವು ಮತ್ತೆ ಮತ್ತೆ ಸುದ್ದಿಯಾಗಿದೆ. ಆ ಎರಡೂ ನದಿಗಳು ನೃಸಿಂಹವಾಡಿಯಲ್ಲಿ ಕೂಡಿ ಚಿಕ್ಕೋಡಿ ದಾಟಿ ಹಿಪ್ಪರಗಿಗೇ ಬರುತ್ತವೆ. ಸಕ್ಕರೆ ಸೀಮೆಯಲ್ಲಿ ಇಂಥ ಸಾಮೂಹಿಕ ಸಾವಿಗೆ ಸಾಮಾನ್ಯ ಕಾರಣ ಆಮ್ಲಜನಕದ ಕೊರತೆ. ಕೊಳೆಯುವ ವಸ್ತು ತುಂಬಿದ ನೀರು ನದಿಗೆ ಬೀಳುತ್ತದೆ, ಅದನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಬೆಳಗಾಗುವುದರೊಳಗೆ ಮೀನು ಉಸಿರು ಕಟ್ಟಿ ತೇಲುತ್ತವೆ. ಈ ಸಾವು ಎಲ್ಲರ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ಸಾವಿದೆ. ಅದು ಹುಳಿಯಾದ ನೀರು ಮತ್ತು ಅದರಲ್ಲಿ ಕರಗಿದ ಲೋಹ ಜೊತೆಗೂಡಿ ತರುವ ಸಾವು. ಅಲ್ಲಿ ದಡದ ತುಂಬ ಹೆಣಗಳು ಇರಬೇಕೆಂದೇನಿಲ್ಲ. ಮೊಟ್ಟೆ ಒಡೆಯುವುದಿಲ್ಲ, ಮರಿ ದೊಡ್ಡದಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಬಲೆ ಹಗುರಾಗುತ್ತದೆ. ನಮ್ಮ ಭಾಗದ ನೆಲಕ್ಕೆ ಆಮ್ಲವನ್ನು ತಣಿಸುವ ದೊಡ್ಡ ಶಕ್ತಿ ಇದೆ. ಆದರೆ ಲೋಹವನ್ನು ಇಲ್ಲವಾಗಿಸುವ ಶಕ್ತಿ ಯಾವ ನೆಲಕ್ಕೂ ಇಲ್ಲ, ಯಾವ ನದಿಗೂ ಇಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ ನದಿಯ ಆರೋಗ್ಯದ ಬಗ್ಗೆ ನಾವು ತಪ್ಪು ಭರವಸೆಯಲ್ಲಿ ಇರುತ್ತೇವೆ.

ಹುಳಿಯ ಅಳತೆ

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 7 ಎಂದರೆ ಎರಡೂ ಅಲ್ಲದ್ದು. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲದ ತೀವ್ರತೆ ಹತ್ತು ಪಟ್ಟು ಏರುತ್ತದೆ. 7ರಿಂದ 6ಕ್ಕೆ ಇಳಿದರೆ ಹತ್ತು ಪಟ್ಟು, 5ಕ್ಕೆ ಇಳಿದರೆ ನೂರು ಪಟ್ಟು. ಕಾಗದದ ಮೇಲೆ ಸಣ್ಣದಾಗಿ ಕಾಣುವ ಇಳಿಕೆ ಮೀನಿನ ಪಾಲಿಗೆ ಸಣ್ಣದಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಲ್ಲಿ ವಿಂಗಡಿಸಿದೆ. ‘ಡಿ’ ದರ್ಜೆ ಮೀನು ಮತ್ತು ವನ್ಯಜೀವಿಗಳಿಗೆ ಮೀಸಲು. ಅದಕ್ಕೆ ಪಿಎಚ್ 6.5ರಿಂದ 8.5ರ ಒಳಗಿರಬೇಕು, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಮುಕ್ತ ಅಮೋನಿಯ 1.2 ಮಿಲಿಗ್ರಾಂ ಮೀರಬಾರದು. ಈ ದರ್ಜೆಯ ಪಟ್ಟಿಯಲ್ಲಿ ತಾಮ್ರ, ಸತು, ಸೀಸ, ಕ್ಯಾಡ್ಮಿಯಂಗಳ ಹೆಸರೇ ಇಲ್ಲ. ಮೀನಿಗೆ ಯೋಗ್ಯವಾದ ನೀರು ಯಾವುದು ಎಂದು ಹೇಳುವ ಅಳತೆಗೋಲಿನಲ್ಲೇ ಲೋಹಗಳು ಕಾಣಿಸುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಕಿವಿರಿನಲ್ಲಿ ಏನಾಗುತ್ತದೆ

ಮೀನಿಗೆ ಕಿವಿರು ಉಸಿರಾಡುವ ಅಂಗ ಮಾತ್ರವಲ್ಲ. ಮೈಯ ಉಪ್ಪನ್ನು ಕಾಪಾಡುವ ಕೆಲಸವೂ ಅದರದೇ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹತ್ತಾರು ಪಟ್ಟು ಹೆಚ್ಚು ಉಪ್ಪು ಇರುತ್ತದೆ. ಹಾಗಾಗಿ ಉಪ್ಪು ಸದಾ ಹೊರಗೆ ಸೋರುತ್ತದೆ, ನೀರು ಸದಾ ಮೈಯೊಳಗೆ ನುಗ್ಗುತ್ತದೆ. ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ನದಿಯ ನೀರಿನಿಂದ ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗಳನ್ನು ಹೆಕ್ಕಿ ಹೆಕ್ಕಿ ರಕ್ತಕ್ಕೆ ಸೇರಿಸುತ್ತವೆ. ಮೂತ್ರಪಿಂಡ ಹೆಚ್ಚಾದ ನೀರನ್ನು ಹೊರಗೆ ಹಾಕುತ್ತದೆ. ಮೀನು ಬದುಕಿರುವಷ್ಟು ಕಾಲ ಈ ಕೆಲಸಕ್ಕೆ ಬಿಡುವಿಲ್ಲ.

ನೀರು ಹುಳಿಯಾದಾಗ ಇದಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಆಮ್ಲದ ಹೈಡ್ರೋಜನ್ ಕಣಗಳು ಸೋಡಿಯಂ ಒಳಬರುವ ದಾರಿಯನ್ನು ತಡೆಯುತ್ತವೆ. ಅಷ್ಟೇ ಅಲ್ಲದೆ, ಕಿವಿರಿನ ಜೀವಕೋಶಗಳ ನಡುವಿನ ಸಂದಿಗಳನ್ನು ಕ್ಯಾಲ್ಸಿಯಂ ಬಿಗಿಯಾಗಿ ಹಿಡಿದಿರುತ್ತದೆ, ಕಲ್ಲಿನ ಗೋಡೆಯ ಸಂದಿಯನ್ನು ಗಾರೆ ಹಿಡಿದ ಹಾಗೆ. ಆಮ್ಲ ಆ ಕ್ಯಾಲ್ಸಿಯಂ ಅನ್ನು ಕಿತ್ತುಹಾಕುತ್ತದೆ. ಆಗ ಒಳಗೆ ಬರುವ ಉಪ್ಪು ನಿಲ್ಲುತ್ತದೆ, ಹೊರಗೆ ಸೋರುವ ಉಪ್ಪು ಹೆಚ್ಚುತ್ತದೆ. ರಕ್ತದ ಉಪ್ಪು ಒಮ್ಮೆಲೆ ಇಳಿದಾಗ ರಕ್ತದಲ್ಲಿದ್ದ ನೀರು ಮಾಂಸಖಂಡಗಳ ಕಡೆ ಸರಿಯುತ್ತದೆ, ರಕ್ತ ಮಂದವಾಗುತ್ತದೆ, ಅದನ್ನು ನೂಕಲಾರದೆ ಹೃದಯ ಸೋಲುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಸಾಯುತ್ತದೆ.

ಇದೇ ಜಾಗಕ್ಕೆ ಲೋಹಗಳೂ ಬಂದು ಅಂಟುತ್ತವೆ. ತಾಮ್ರ ಸೋಡಿಯಂ ಹೀರುವ ಕೆಲಸವನ್ನು ಕೆಡಿಸುತ್ತದೆ. ಸತು ಮತ್ತು ಕ್ಯಾಡ್ಮಿಯಂ ಕ್ಯಾಲ್ಸಿಯಂ ಒಳಬರುವ ದಾರಿಯಲ್ಲಿ ನುಸುಳಿ ಅದನ್ನು ಕಟ್ಟುತ್ತವೆ. ಅಲ್ಯೂಮಿನಿಯಂ ಮಾಡುವ ಕೆಡುಕು ಬೇರೆ ರೀತಿಯದು. ಮಣ್ಣಿನಲ್ಲಿ ಯಥೇಚ್ಛವಾಗಿರುವ ಈ ಲೋಹ ಸಾಮಾನ್ಯವಾಗಿ ಕರಗುವುದಿಲ್ಲ. ನೀರು ಹುಳಿಯಾದರೆ ಕರಗಿ ನದಿಗೆ ಬರುತ್ತದೆ. ಪಿಎಚ್ 5ರ ಆಸುಪಾಸಿನಲ್ಲಿ ಅದು ಕಿವಿರಿನ ಮೇಲೆಯೇ ಗಟ್ಟಿಯಾಗಿ ಕೂತುಕೊಳ್ಳುತ್ತದೆ. ಅದನ್ನು ತೊಳೆಯಲು ಮೀನು ಲೋಳೆ ಸುರಿಸುತ್ತದೆ, ಆ ಲೋಳೆಯೇ ಕಿವಿರಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಉಸಿರು ಕಟ್ಟಿಸುತ್ತದೆ. ಕಬ್ಬಿಣ ತುಕ್ಕಿನ ಬಣ್ಣದ ಪುಡಿಯಾಗಿ ಕಿವಿರಿಗೂ ಮೊಟ್ಟೆಗೂ ಹೊದಿಕೆಯಾಗುತ್ತದೆ.

ಆಮ್ಲ ಒಂದೇ ಬಂದರೆ ಒಂದು ಕಷ್ಟ, ಲೋಹ ಒಂದೇ ಬಂದರೆ ಒಂದು ಕಷ್ಟ. ಎರಡೂ ಕೂಡಿ ಬಂದಾಗ ಮಣ್ಣಿಗೆ ಅಂಟಿ ಸುಮ್ಮನಿದ್ದ ಲೋಹ ನೀರಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಕಿವಿರಿನ ತಡೆಯೂ ಸಡಿಲಾಗಿರುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇದರ ಪೂರ್ಣರೂಪ ನೋಡಬಹುದು. ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಗಣಿ ತೋಡಿ ಅದನ್ನು ಗಾಳಿಗೂ ಮಳೆಗೂ ಒಡ್ಡಿದಾಗ ಗಂಧಕದ ಅದಿರು ಸಲ್ಫ್ಯೂರಿಕ್ ಆಮ್ಲವಾಗಿ ಹಳ್ಳಗಳಿಗೆ ಇಳಿಯಿತು. ಲುಖಾ ನದಿ ಚಳಿಗಾಲದಲ್ಲಿ ಅಚ್ಚ ನೀಲಿಯಾಗತೊಡಗಿತು, ಅದರಲ್ಲಿ ಮೀನು ಇಲ್ಲವಾಯಿತು. ಕೋಪಿಲಿ ನದಿಯ ಆಮ್ಲ ಜಲವಿದ್ಯುತ್ ಕೇಂದ್ರದ ಯಂತ್ರಗಳನ್ನೇ ತಿಂದಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿಯ ಇಲಿಬಿಲದಂಥ ಕಿರಿದಾದ ಸುರಂಗಗಳ ಗಣಿಗಾರಿಕೆಯನ್ನು ನಿಷೇಧಿಸಿತು.

ಸಾಯದೆ ಕೆಡುವ ಬಾಳು

ಸಾಯುವ ಪ್ರಮಾಣಕ್ಕಿಂತ ಬಹಳ ಕಡಿಮೆ ಲೋಹವೂ ಮೀನಿನ ಬಾಳು ಕೆಡಿಸುತ್ತದೆ. ಮೀನು ವಾಸನೆಯಿಂದ ಬದುಕುವ ಜೀವಿ. ಆಹಾರ ಹುಡುಕುವುದು, ಜೊತೆಗಾರನನ್ನು ಗುರುತಿಸುವುದು, ಶತ್ರುವಿನಿಂದ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ವಾಸನೆಯಿಂದ. ಜೇನ್ನೊಣಗಳ ನೃತ್ಯದ ಅರ್ಥ ಬಿಡಿಸಿದ ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಗಾಯಗೊಂಡ ಒಂದು ಮೀನಿನ ಚರ್ಮದಿಂದ ಹೊರಬರುವ ವಸ್ತುವಿನ ವಾಸನೆಗೇ ಇಡೀ ಹಿಂಡು ಬೆದರಿ ಚದುರುತ್ತದೆ. ಈ ಎಚ್ಚರಿಕೆ ವ್ಯವಸ್ಥೆ ಗೆಂಡೆ ಜಾತಿಯ ಮೀನುಗಳಿಗೆಲ್ಲ ಇದೆ. ನಮ್ಮ ರೋಹು, ಕಾಟ್ಲಾ, ಮೃಗಾಲ್ ಆ ಕುಟುಂಬದವೇ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಕೆಲವು ಗಂಟೆಗಳಲ್ಲಿ ಎಳೆಯ ಸಾಲ್ಮನ್‌ಗಳ ಮೂಗನ್ನು ಮಂಕಾಗಿಸುತ್ತದೆ ಎಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ಹಾಗಾದ ಮೀನು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದರೆ ಹತ್ತಿರ ಬಂದ ಶತ್ರುವಿನ ಸುಳಿವು ಅದಕ್ಕೆ ಸಿಗುವುದಿಲ್ಲ.

ಸಂತಾನಕ್ಕೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಮೊಟ್ಟೆಯೊಳಗಿನ ಮರಿ ಹೊರಬರುವ ಹೊತ್ತಿಗೆ ಒಂದು ಕಿಣ್ವವನ್ನು ಸುರಿಸಿ ಮೊಟ್ಟೆಯ ಪೊರೆಯನ್ನು ಮೆತ್ತಗೆ ಮಾಡುತ್ತದೆ. ಹುಳಿ ನೀರಿನಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಮರಿ ಪೂರ್ತಿ ಬೆಳೆದೂ ಪೊರೆಯೊಳಗೇ ಸಾಯುತ್ತದೆ, ಇಲ್ಲವೇ ಅರ್ಧ ಹೊರಬಂದು ಸಿಕ್ಕಿಕೊಳ್ಳುತ್ತದೆ. ದೊಡ್ಡ ಮೀನು ತಾಳುವ ನೀರನ್ನು ಮೊಟ್ಟೆ ಮತ್ತು ಮರಿ ತಾಳುವುದಿಲ್ಲ. ಹೀಗಾಗಿ ಹಾಳಾಗುತ್ತಿರುವ ನದಿಯಲ್ಲಿ ಕೆಲವು ವರ್ಷ ದೊಡ್ಡ ಮೀನುಗಳೇ ಬಲೆಗೆ ಬೀಳುತ್ತವೆ. ಅದನ್ನು ಕಂಡು ನದಿ ಚೆನ್ನಾಗಿದೆ ಎಂದು ತಿಳಿಯುವುದು ಅಪಾಯ, ಏಕೆಂದರೆ ಅವುಗಳ ಹಿಂದೆ ಬರಬೇಕಾದ ಪೀಳಿಗೆ ಅಲ್ಲಿ ಇರುವುದೇ ಇಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 223ನೇ ಸಂಖ್ಯೆಯ ಸರೋವರವನ್ನು ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ 1983ರವರೆಗೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಹುಳಿಯಾಗಿಸಿ ಪಿಎಚ್ 5ಕ್ಕೆ ಇಳಿಸಿದರು. ಅಲ್ಲಿಯ ದೊಡ್ಡ ಟ್ರೌಟ್ ಮೀನುಗಳನ್ನು ಆಮ್ಲ ನೇರವಾಗಿ ಕೊಲ್ಲಲಿಲ್ಲ. ಅವು ತಿನ್ನುತ್ತಿದ್ದ ಸಣ್ಣ ಸೀಗಡಿಗಳೂ ಚಿಕ್ಕ ಮೀನುಗಳೂ ಪಿಎಚ್ 6ರ ಕೆಳಗೆ ಇಳಿಯುತ್ತಿದ್ದಂತೆಯೇ ಕಾಣೆಯಾಗತೊಡಗಿದವು. ಟ್ರೌಟ್‌ಗಳು ಸೊರಗಿ ಎಲುಬಿನ ಗೂಡಾದವು, ಮರಿ ಮಾಡುವುದನ್ನು ನಿಲ್ಲಿಸಿದವು. ಸಣ್ಣ ಜೀವಿಗಳನ್ನು ಲೆಕ್ಕಕ್ಕೆ ಹಿಡಿಯದೆ ದೊಡ್ಡ ಮೀನನ್ನಷ್ಟೇ ನೋಡುವವರಿಗೆ ಅಪಾಯ ತಿಳಿಯುವುದು ತಡವಾಗಿ ಎಂಬುದು ಆ ಪ್ರಯೋಗದ ಪಾಠ.

ನಮ್ಮ ಕಡೆಯ ಮೂಲಗಳು

ಹಿಪ್ಪರಗಿಯ ಸುತ್ತ ಮೇಘಾಲಯದಂಥ ಗಣಿಗಳಿಲ್ಲ. ಆದರೆ ಆಮ್ಲಕ್ಕೂ ಲೋಹಕ್ಕೂ ದಾರಿಗಳಿವೆ.

ಮೊದಲನೆಯದು ಕಬ್ಬಿನ ಉದ್ಯಮ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕುಗಳು ಕಬ್ಬಿನ ಸೀಮೆ. ಕಾಕಂಬಿಯಿಂದ ಮದ್ಯಸಾರ, ಎಥೆನಾಲ್ ತೆಗೆದ ಮೇಲೆ ಉಳಿಯುವ ಕಂದು ಬಣ್ಣದ ನೀರನ್ನು ಸ್ಪೆಂಟ್‌ವಾಶ್ ಎನ್ನುತ್ತಾರೆ. ಅದರ ಪಿಎಚ್ ಸಾಮಾನ್ಯವಾಗಿ 4ರ ಆಸುಪಾಸು. ಅದನ್ನು ಕೊಳೆಸಲು ಬೇಕಾಗುವ ಆಮ್ಲಜನಕ ಲೀಟರಿಗೆ 40 ಸಾವಿರ ಮಿಲಿಗ್ರಾಂಗಿಂತಲೂ ಹೆಚ್ಚು. ಕಾರ್ಖಾನೆಯಿಂದ ಹೊರಬಿಡುವ ಶುದ್ಧೀಕರಿಸಿದ ನೀರಿಗೆ ನಿಗದಿಯಾದ ಮಿತಿ 30 ಮಿಲಿಗ್ರಾಂ. ಡಿಸ್ಟಿಲರಿಗಳು ಒಂದು ಹನಿಯನ್ನೂ ಹೊರಗೆ ಬಿಡದೆ ಆವಿ ಮಾಡಿ, ಸುಟ್ಟು ಅಥವಾ ಗೊಬ್ಬರ ಮಾಡಿ ಮುಗಿಸಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಇದು ಹಳ್ಳಕ್ಕೆ ಬಿದ್ದರೆ ಆಮ್ಲ, ಆಮ್ಲಜನಕದ ಕೊರತೆ ಎರಡೂ ಒಟ್ಟಿಗೆ ಬರುತ್ತವೆ.

ಎರಡನೆಯದು ಬಣ್ಣ. ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗಕ್ಕೆ ಏರುವ ಮೊದಲು ನೂಲಿಗೆ ಬಣ್ಣ ಹಾಕಬೇಕು. ಬಣ್ಣದ ಕೆಲಸದಲ್ಲಿ ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪುಡಿ, ಹೈಡ್ರೋಸಲ್ಫೈಟ್ ಎಲ್ಲ ಬಳಕೆಯಾಗುತ್ತವೆ. ನಾಫ್ತಾಲ್ ಬಣ್ಣಗಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಕೆಲವು ಬಣ್ಣಗಳ ಅಣುವಿನಲ್ಲೇ ತಾಮ್ರ, ಕ್ರೋಮಿಯಂ, ಕೋಬಾಲ್ಟ್ ಇರುತ್ತವೆ. ನೇಕಾರಿಕೆ ಈ ಊರಿನ ಅನ್ನ, ಅದು ಉಳಿಯಬೇಕು. ಅದಕ್ಕೇ ಬಣ್ಣದ ನೀರನ್ನು ಒಬ್ಬೊಬ್ಬ ಬಡ ಬಣ್ಣಗಾರನ ಹೆಗಲಿಗೆ ಹೊರಿಸದೆ ಸಾಮೂಹಿಕ ಶುದ್ಧೀಕರಣ ಘಟಕದ ಹೊಣೆ ಮಾಡಬೇಕು.

ಮೂರನೆಯದನ್ನು ನಾವು ಮಾಲಿನ್ಯವೆಂದು ಎಣಿಸುವುದೇ ಇಲ್ಲ. ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಹೊಡೆಯುವ ಮೈಲುತುತ್ತ ತಾಮ್ರದ ಸಲ್ಫೇಟ್. ಬೋರ್ಡೋ ದ್ರಾವಣವೂ ಕಾಪರ್ ಆಕ್ಸಿಕ್ಲೋರೈಡೂ ತಾಮ್ರವೇ. ಕಬ್ಬಿಗೆ ಕೊಡುವ ಜಿಂಕ್ ಸಲ್ಫೇಟ್ ಸತುವಿನ ಲವಣ. ಹೊಲದಲ್ಲಿ ಇವುಗಳಿಗೆ ಅವುಗಳದೇ ಕೆಲಸವಿದೆ. ಆದರೆ ಸಿಂಪರಣೆ ಮುಗಿಸಿ ಪಂಪು, ಡ್ರಮ್ಮುಗಳನ್ನು ಕಾಲುವೆಯಲ್ಲೋ ಹಳ್ಳದಲ್ಲೋ ತೊಳೆದರೆ ಆ ತಾಮ್ರ ನೇರ ಮೀನಿನ ಕಿವಿರಿಗೆ ಹೋಗುತ್ತದೆ. ಇದರ ಜೊತೆಗೆ ಪಟ್ಟಣದ ಗಟಾರಗಳಿಂದ ಬರುವ ಹಳೆ ಬ್ಯಾಟರಿಯ ಸೀಸ ಮತ್ತು ಆಸಿಡ್, ಲೇಪನದ ಅಂಗಡಿಗಳ ನಿಕ್ಕಲ್, ಕ್ರೋಮಿಯಂ ಸೇರುತ್ತವೆ.

ಸುಣ್ಣದ ನೆರವು, ಸುಣ್ಣದ ಮರೆ

ಹಾಗಾದರೆ ಕೃಷ್ಣೆ, ಘಟಪ್ರಭೆಗಳ ನೀರು ಹುಳಿಯಾಗಬೇಕಿತ್ತಲ್ಲವೇ? ಆಗುವುದಿಲ್ಲ, ಅದಕ್ಕೆ ಕಾರಣ ನೆಲ. ಕೃಷ್ಣೆ ಮಹಾಬಳೇಶ್ವರದಿಂದ ಇಲ್ಲಿಯವರೆಗೆ ಹರಿದು ಬರುವುದು ದಖನ್ನಿನ ಕಪ್ಪು ಶಿಲೆ ಮತ್ತು ಎರೆಮಣ್ಣಿನ ಮೇಲೆ. ಮುಧೋಳ, ಲೋಕಾಪುರ, ಬಾಗಲಕೋಟೆ ಸುತ್ತ ಕಲಾದಗಿ ಶಿಲಾಸ್ತರದ ಸುಣ್ಣದ ಕಲ್ಲು ಹಾಸಿಕೊಂಡಿದೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿರುವುದು ಆ ಕಲ್ಲಿಗಾಗಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಹನಿ ನೀರಾವರಿ ಪೈಪುಗಳ ಬಾಯಲ್ಲಿ ಕಟ್ಟುವ ಬಿಳಿ ಪೊರೆ ಈ ಗಡಸುತನದ ಗುರುತು. ಇಂಥ ನೀರಿಗೆ ಆಮ್ಲ ಬಿದ್ದರೆ ಅದರಲ್ಲಿರುವ ಬೈಕಾರ್ಬೊನೇಟ್ ಅದನ್ನು ತಣಿಸುತ್ತದೆ. ಕ್ಯಾಲ್ಸಿಯಂ ಕಿವಿರಿನ ಮೇಲೆ ಲೋಹ ಕೂರುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ನಾರ್ವೆ, ಸ್ವೀಡನ್‌ಗಳ ಗ್ರಾನೈಟ್ ನೆಲದ ಸರೋವರಗಳಿಗೆ ಈ ಭಾಗ್ಯ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆಮ್ಲಮಳೆಗೆ ಅಲ್ಲಿ ಸಾವಿರಾರು ಸರೋವರಗಳ ಮೀನು ಬಲಿಯಾಯಿತು. ಆಮೇಲೆ ಅಲ್ಲಿನ ಸರ್ಕಾರಗಳು ಹಣ ಕೊಟ್ಟು ನೀರಿಗೆ ಸುಣ್ಣದ ಪುಡಿ ಸುರಿಸಬೇಕಾಯಿತು. ನಮಗೆ ಅದನ್ನು ನೆಲವೇ ಕೊಟ್ಟಿದೆ.

ಆದರೆ ಈ ನೆರವಿಗೆ ಇನ್ನೊಂದು ಮುಖವಿದೆ. ಆಮ್ಲ ತಣಿದಾಗ ಅದರಲ್ಲಿ ಕರಗಿದ್ದ ಲೋಹ ಮಾಯವಾಗುವುದಿಲ್ಲ. ಕಾರ್ಬೊನೇಟ್ ಆಗಿ, ಹೈಡ್ರಾಕ್ಸೈಡ್ ಆಗಿ, ಎರೆಮಣ್ಣಿನ ಕಣಗಳಿಗೆ ಅಂಟಿ ತಳಕ್ಕೆ ಇಳಿಯುತ್ತದೆ. ಹರಿಯುವ ನದಿಯಾದರೆ ಮಣ್ಣಿನ ಜೊತೆ ಮುಂದೆ ಹೋದೀತು. ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಅದು ಕೆಸರಾಗಿ ಕೂಡುತ್ತದೆ. ಆಗ ಮೇಲಿನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿದರೆ ಪಿಎಚ್ 8 ಬರುತ್ತದೆ, ಲೋಹ ಮಿತಿಯೊಳಗೆ ಇರುತ್ತದೆ, ವರದಿ ಚೆನ್ನಾಗಿರುತ್ತದೆ. ತಳದ ಕೆಸರನ್ನು ಕೇಳಿದವರಿಲ್ಲ.

ಆ ಕೆಸರು ಎಂದೆಂದಿಗೂ ಹಾಗೇ ಇರುವುದಿಲ್ಲ. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದಾಗ ಲೋಹವನ್ನು ಹಿಡಿದಿಟ್ಟಿದ್ದ ಕಬ್ಬಿಣ, ಮ್ಯಾಂಗನೀಸ್‌ಗಳ ಪೊರೆ ಕರಗುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಮೇಲಿನಿಂದ ಹುಳಿ ನೀರಿನ ಒಂದು ಅಲೆ ಬಂದರೂ ಹಾಗೆಯೇ. ಜೂನ್ ತಿಂಗಳ ಮೊದಲ ಪ್ರವಾಹ ಹಳ್ಳಕೊಳ್ಳಗಳಲ್ಲಿ ಬೇಸಿಗೆಯಿಡೀ ನಿಂತ ಹೊಲಸನ್ನೂ ತಳದ ಕೆಸರನ್ನೂ ಒಟ್ಟಿಗೆ ಕಲಕುತ್ತದೆ. ರೋಹು, ಕಾಟ್ಲಾ, ಮೃಗಾಲ್‌ಗಳು ಮೊಟ್ಟೆಯಿಡುವುದು ಮುಂಗಾರಿನ ಹೊಸ ನೀರಿನಲ್ಲಿಯೇ. ವರ್ಷದ ಅತ್ಯಂತ ಕೊಳಕು ನೀರು ಮತ್ತು ವರ್ಷದ ಅತ್ಯಂತ ಎಳೆಯ ಜೀವ ಒಂದೇ ಕಾಲಕ್ಕೆ ಎದುರಾಗುತ್ತವೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವ ಮೀನುಗಳು. ಕೆಸರಿನ ಲೋಹ ಅವುಗಳ ಹೊಟ್ಟೆಗೆ ನೇರವಾಗಿ ಸೇರಿ ಯಕೃತ್ತು, ಮೂತ್ರಪಿಂಡಗಳಲ್ಲಿ ಕೂಡಿಕೊಳ್ಳುತ್ತದೆ.

ಅಣೆಕಟ್ಟು ವಿಷದ ತೊಟ್ಟಿಯಾದದ್ದನ್ನು ನೆರೆಯ ತಮಿಳುನಾಡು ಕಂಡಿದೆ. ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿಗೆ 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಕಾರ್ಖಾನೆಗಳ ನೀರು ತುಂಬಿತು. ನೀರಾವರಿಗಾಗಿ ಅಣೆಕಟ್ಟು ಬೇಡಿದ್ದ ರೈತರೇ ಅದರಲ್ಲಿ ನೀರು ನಿಲ್ಲಿಸಬೇಡಿ ಎಂದು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಊರಿನ ಉದ್ಯೋಗಕ್ಕೂ ಪೆಟ್ಟು ಬಿತ್ತು, ನದಿಯಂತೂ ಮೊದಲೇ ಹೋಗಿತ್ತು. ಹಿಪ್ಪರಗಿಗೆ ಅಂಥ ದಿನ ಬರಬಾರದು ಎಂದರೆ ಈಗಲೇ ಎಚ್ಚರ ಬೇಕು.

ಕಾನೂನಿನಲ್ಲಿ ಮಲಗಿರುವ ಮೀನು

ಲೋಹದ ಮಿತಿಗಳು ನಮ್ಮಲ್ಲಿ ಇವೆ. ಕಾರ್ಖಾನೆಯಿಂದ ನದಿಗೆ ಬಿಡುವ ನೀರಿನಲ್ಲಿ ತಾಮ್ರ ಲೀಟರಿಗೆ 3 ಮಿಲಿಗ್ರಾಂ ವರೆಗೆ ಇರಬಹುದು ಎನ್ನುತ್ತದೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಸಂಸ್ಥೆ 0.05 ಮಿಲಿಗ್ರಾಂ ಬಯಸುತ್ತದೆ, ಬೇರೆ ಮೂಲವಿಲ್ಲದಿದ್ದರೆ 1.5 ವರೆಗೆ ಒಪ್ಪುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಮಧ್ಯಮ ಗಡಸಿನ ನೀರಿನಲ್ಲಿ ಜಲಚರಗಳಿಗೆ ಅಲ್ಪಾವಧಿಗೆ ನಿಗದಿ ಮಾಡಿದ್ದ ಮಿತಿ 0.013 ಮಿಲಿಗ್ರಾಂ. ಈ ಮೂರು ಮಾನದಂಡಗಳನ್ನು ಸಾಲಾಗಿ ಇಟ್ಟು ನೋಡಿ. ಮನುಷ್ಯ ಕುಡಿದು ಅರಗಿಸಿಕೊಳ್ಳಬಲ್ಲ ನೀರು ಮೀನಿಗೆ ವಿಷವಾಗಬಹುದು, ಏಕೆಂದರೆ ನಾವು ನೀರನ್ನು ಹೊಟ್ಟೆಗೆ ಕುಡಿಯುತ್ತೇವೆ, ಮೀನು ಅದರಲ್ಲಿ ಹಗಲಿರುಳು ಕಿವಿರು ಅದ್ದಿಕೊಂಡಿರುತ್ತದೆ. ಕಾರ್ಖಾನೆಯ 3 ಮಿಲಿಗ್ರಾಂ ನದಿಯಲ್ಲಿ ಬೆರೆತು ತೆಳುವಾಗುತ್ತದೆ ಎಂಬ ನಂಬಿಕೆಯ ಮೇಲೆ ಆ ಮಿತಿ ನಿಂತಿದೆ. ಏಪ್ರಿಲ್ ತಿಂಗಳಲ್ಲಿ ಹರಿವೇ ಇಲ್ಲದ ಕೃಷ್ಣೆಯಲ್ಲಿ ಅದನ್ನು ತೆಳುವಾಗಿಸುವ ನೀರು ಎಲ್ಲಿಂದ ಬರಬೇಕು?

ಅದೇ ಮಾನದಂಡದಲ್ಲಿ ಒಂದು ಒಳ್ಳೆಯ ಸಾಲೂ ಇದೆ. ಹೊರಬಿಡುವ ನೀರನ್ನು ಏನೂ ಬೆರೆಸದೆ ತೊಟ್ಟಿಗೆ ತುಂಬಿ ಮೀನು ಬಿಟ್ಟರೆ 96 ಗಂಟೆಗಳ ನಂತರ ನೂರಕ್ಕೆ 90 ಮೀನು ಬದುಕಿರಬೇಕು. ಯಾವ ಯಂತ್ರಕ್ಕೂ ಸಿಗದ ವಿಷದ ಮಿಶ್ರಣವನ್ನು ಮೀನು ತನ್ನ ಮೈಯಲ್ಲಿ ಅಳೆದು ಹೇಳುತ್ತದೆ. ಈ ಪರೀಕ್ಷೆ ಪ್ರತಿ ಕಾರ್ಖಾನೆಯಲ್ಲಿ, ಊರವರ ಎದುರಿಗೆ, ಬೇಸಿಗೆಯಲ್ಲೂ ಮುಂಗಾರಿನ ಮೊದಲೂ ನಡೆಯಲಿ. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ನದಿಗೆ ವಿಷ ಬಿಡಬಾರದೆಂದು ಅದು ಅಂದೇ ಹೇಳಿದೆ. ಹೊಸ ಕಾನೂನು ಬೇಡ, ಇದ್ದುದನ್ನು ನಡೆಸಿದರೆ ಸಾಕು.

ಮಾಡಬೇಕಾದದ್ದು

ಮೀನು ಸತ್ತಾಗ ಮೊದಲು ಸ್ಥಳದಲ್ಲಿರುವವರು ಮೀನುಗಾರರು, ಅಂಬಿಗರು. ಅವರ ಸಾಕ್ಷಿಗೆ ಬಹಳ ಬೆಲೆಯಿದೆ. ಆಮ್ಲಜನಕ ಮುಗಿದಾಗ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತವೆ, ಸಾಮಾನ್ಯವಾಗಿ ದೊಡ್ಡವು ಮೊದಲು ಸಾಯುತ್ತವೆ. ಗಾಳಿಯಿಂದಲೇ ಉಸಿರಾಡಬಲ್ಲ ಕೊರವ, ಚೇಳುಮೀನು ಉಳಿಯುತ್ತವೆ. ಯಾವ ಹೊತ್ತಿನಲ್ಲಾದರೂ ಸಾವು ಶುರುವಾದರೆ, ಮರಿಗಳು ಮೊದಲು ಸತ್ತರೆ, ಕೊರವವೂ ಉಳಿಯದಿದ್ದರೆ, ಕಿವಿರು ಲೋಳೆಯಿಂದ ಮುಚ್ಚಿದ್ದರೆ ವಿಷದ ಅನುಮಾನ ಪಡಬೇಕು. ಹೊತ್ತು, ಜಾಗ, ಜಾತಿ ಬರೆದಿಡಿ, ಫೋಟೊ ತೆಗೆಯಿರಿ. ಮೀನು ಸತ್ತ ಕಡೆಯ ನೀರನ್ನೂ ಅದಕ್ಕಿಂತ ಮೇಲಿನ ನೀರನ್ನೂ ಸ್ವಚ್ಛ ಬಾಟಲಿಗಳಲ್ಲಿ ತುಂಬಿ. ಆಗ ತಾನೇ ಸತ್ತ ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದೇ ದಿನ ಮುಟ್ಟಿಸಿ. ಆ ಮೀನನ್ನು ಮಾರಬೇಡಿ, ತಿನ್ನಬೇಡಿ.

ರೈತರಿಗೆ ಒಂದು ಮಾತು. ಸಿಂಪರಣೆಯ ಡ್ರಮ್ಮನ್ನು ಹೊಲದಲ್ಲೇ ತೊಳೆಯಿರಿ, ಆ ನೀರು ಬೆಳೆಯ ಮೇಲೇ ಹೋಗಲಿ. ಮಿಕ್ಕ ಮೈಲುತುತ್ತವನ್ನು ಕಾಲುವೆಗೆ ಚೆಲ್ಲಬೇಡಿ.

ಇಲಾಖೆಗಳಿಂದ ಕೇಳಬೇಕಾದದ್ದು ಇನ್ನೂ ಸರಳ. ಹಿಪ್ಪರಗಿ ಹಿನ್ನೀರಿನಲ್ಲಿ, ಮುಧೋಳದ ಘಟಪ್ರಭೆಯಲ್ಲಿ, ಚಿಕ್ಕಸಂಗಮದಲ್ಲಿ ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಕೊನೆಗೊಮ್ಮೆ, ಮೊದಲ ಪ್ರವಾಹದಲ್ಲೊಮ್ಮೆ, ನೀರಿನ ಜೊತೆಗೆ ತಳದ ಕೆಸರನ್ನೂ ಮೃಗಾಲ್ ಮೀನಿನ ಯಕೃತ್ತನ್ನೂ ಪರೀಕ್ಷಿಸಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ನದಿದಡದ ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಬೇಕು. ಮಹಾರಾಷ್ಟ್ರದ ಜೊತೆ ನಡೆಯುವ ನೀರಿನ ಮಾತುಕತೆಯಲ್ಲಿ ಎಷ್ಟು ಟಿಎಂಸಿ ಎಂಬುದರ ಜೊತೆ ಎಂಥ ನೀರು ಎಂಬುದೂ ಸೇರಬೇಕು.

1980ರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ದನಿ ಎತ್ತಿದ್ದರಿಂದಲೇ ನದಿ ಮಾಲಿನ್ಯ ರಾಜ್ಯದಲ್ಲಿ ದೊಡ್ಡ ಪ್ರಶ್ನೆಯಾಯಿತು. ಅದೇ ದಶಕದ ಕೊನೆಗೆ, 1989ರಲ್ಲಿ, ಸರ್ಕಾರವನ್ನು ಕಾದು ಸಾಕಾದ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರು ನಿಲ್ಲಿಸಲು ಅಷ್ಟು ದುಡಿದ ಜನರಿಗೆ ನಿಂತ ನೀರು ಹೇಗಿದೆ ಎಂದು ಕೇಳುವ ಹಕ್ಕೂ ಇದೆ, ಹೊಣೆಯೂ ಇದೆ. ಮುಂದಿನ ಬೇಸಿಗೆಗೆ ಮೊದಲು ನಿಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಎದ್ದು ನಿಂತು ಇದೊಂದನ್ನು ಕೇಳಿ: ನಮ್ಮ ಹಿನ್ನೀರಿನ ಕೆಸರಿನ ಪರೀಕ್ಷೆ ಯಾವಾಗ ಮಾಡಿಸುತ್ತೀರಿ, ವರದಿ ಎಲ್ಲಿ ಹಾಕುತ್ತೀರಿ? ಉತ್ತರ ಬರುವವರೆಗೆ ಬಿಡಬೇಡಿ.